ತೊಂಬತ್ನಾಲ್ಕು ಪರ್ಸೆಂಟ್ ತೃಪ್ತಿ

ವೇಣಿಗೆ ಹೇಸಿಗೆ ಬಹಳ ಬೇಗ ಆಗುತ್ತಿತ್ತು. ಮದುವೆಮನೆಯಲ್ಲಿ ಪಕ್ಕದ ಎಲೆಯವರು ಸಾರನ್ನ ಸೊರ್ರೆಂದು ಎಳೆದುಕೊಂಡರೆ ಅವಳ ಊಟ ಅಲ್ಲಿಗೆ ಮುಗಿಯಿತು. ಬಸ್ಸಿನ ಕಂಬಿಯನ್ನು ದುಪಟ್ಟಾದ ತುದಿಯಿಂದ ಹಿಡಿಯುತ್ತಿದ್ದಳು. "ಇವಳ್ನ ಯಾವ ಮನೆಗ್ ಕೊಡಾದೋ" ಎಂದು ತಾಯಿ ಈಶ್ವರಮ್ಮ ಬಂದವರೆದುರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿದ್ದ ಹಳ್ಳಿ ಅವರದು. ಹೊಲವೆಲ್ಲ ಫ್ಯಾಕ್ಟರಿಗಳ ಕಾಂಪೌಂಡಿನೊಳಗೆ ಸೇರಿ ಎಷ್ಟೋ ವರ್ಷವಾಗಿತ್ತು. ಅಪ್ಪ ಹನುಮಯ್ಯ ಅದೇ ಫ್ಯಾಕ್ಟರಿಗಳಿಗೆ ಶಿಫ್ಟಿನವರನ್ನು ಕರೆತರುವ ಬಸ್ಸು ಓಡಿಸುತ್ತಿದ್ದ. ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ಊರವರು ಮೂಗಿನಿಂದಲೇ ಹೇಳಬಲ್ಲವರಾಗಿದ್ದರು. ಶೆಡ್ಡುಗಳ ಕಡೆಯಿಂದ ಬಂದರೆ ಕೊಳೆತ ಮೊಟ್ಟೆಯ ವಾಸನೆ, ಕೆರೆಯ ಕಡೆಯಿಂದ ಬಂದರೆ ಅದಕ್ಕಿಂತ ಕೆಟ್ಟದ್ದು. ಅಂಥ ಊರಲ್ಲಿ ಇಂಥ ಮೂಗು ಹೊತ್ತು ಹುಟ್ಟಿದವಳು ಹೊಸೂರು ರಸ್ತೆಯ ಒಂದು ಕಾಲೇಜಿನಲ್ಲಿ ಎಂ.ಎಸ್.ಡಬ್ಲ್ಯು.ಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಓದಿಗೆ ಸೇರಿದಳು. ಅರ್ಜಿ ಹಾಕಿದ್ದ ಮೂರರಲ್ಲಿ ಸೀಟು ಸಿಕ್ಕಿದ್ದು ಅದೊಂದಕ್ಕೇ.

ಮೊದಲ ವರ್ಷವೇ ಒಂದು ಬಡಾವಣೆಯ ನಲವತ್ತು ಮನೆಗಳ ಸರ್ವೆ ಮಾಡಲು ಕಳಿಸಿದರು. ವೇಣಿ ಹನ್ನೊಂದು ಮನೆ ಮಾಡಿದಳು. ಹನ್ನೆರಡನೆಯ ಮನೆಯ ಓಣಿಯಲ್ಲಿ ಮೋರಿ ಉಕ್ಕಿ ಹೊಸಿಲಿನವರೆಗೂ ಹರಿದಿತ್ತು. ಅವಳು ಚಪ್ಪಲಿಯನ್ನೊಮ್ಮೆ ನೋಡಿಕೊಂಡು ಹಿಂತಿರುಗಿದಳು. ಬೇಕರಿಯೊಂದರಲ್ಲಿ ಕೂತು, ಮೂರು ಬೇರೆ ಬೇರೆ ಪೆನ್ನು ಹಿಡಿದು, ಉಳಿದ ಇಪ್ಪತ್ತೊಂಬತ್ತು ಫಾರಂ ತಾನೇ ತುಂಬಿದಳು. ಸದಸ್ಯರ ಸಂಖ್ಯೆ ಐದು, ನಾಲ್ಕು, ಆರು. ಕುಡಿಯುವ ನೀರು ಇದೆ, ಇದೆ, ಇಲ್ಲ. ಇಪ್ಪತ್ತಕ್ಕೆ ಹದಿನೇಳು ಅಂಕ ಬಂತು. ಆವತ್ತು ಅದು ಗೆಳತಿಯರ ಜೊತೆ ಹೇಳಿಕೊಂಡು ನಗುವ ಮಾತಾಗಿತ್ತು.

ಎರಡು ಸಾವಿರದ ಹನ್ನೊಂದರ ಆಗಸ್ಟಿನಲ್ಲಿ ಎರಡನೆಯ ವರ್ಷದವರೆಲ್ಲ ಪ್ರಬಂಧದ ವಿಷಯ ಆರಿಸಿಕೊಳ್ಳಬೇಕಾಯಿತು. ವೇಣಿಗೆ ಗೈಡ್ ಆಗಿ ಬಂದವರು ವಿಭಾಗದ ಮುಖ್ಯಸ್ಥರೇ ಆದ ಶೇಖರಪ್ಪನವರು. ಅವರ ಮೇಜಿನ ಡ್ರಾಯರಿನಲ್ಲಿ ಟೈಪು ಮಾಡಿದ ಒಂದು ಪಟ್ಟಿ ಇತ್ತು. ಅದರ ಅಂಚು ಎಣ್ಣೆ ಹತ್ತಿ ಕಂದಾಗಿತ್ತು.

"ಡಿಸರ್ಟೇಶನ್ ಅಂದ್ರೆ ಭಯ ಬೀಳೋದೇನಿಲ್ಲ ಕಣಮ್ಮ" ಎಂದರು. "ಐದು ಚಾಪ್ಟರು, ನೂರು ಪೇಜು. ಮೊದಲಿನ ಮೂರು ಹಳೇ ಕಾಪಿಗಳಲ್ಲೇ ಸಿಗುತ್ತೆ. ನಾಲ್ಕನೇದು ಟೇಬಲ್ಲು. ಅದೊಂದು ನಿಂದು. ನೀನು ಬೊಮ್ಮಸಂದ್ರದೋಳಲ್ವಾ? ಗಾರ್ಮೆಂಟ್ಸ್ ಕಾರ್ಮಿಕರ ಕಲ್ಯಾಣ ಸೌಲಭ್ಯಗಳು ಅಂತ ತಗೋ. ಲೈಬ್ರರೀಲಿ ಐದಾರಿವೆ, ನೋಡ್ಕೊಂಡು ಹಾಗೇ ಮಾಡು."

ಲೈಬ್ರರಿಯ ಕೊನೆಯ ಕಪಾಟಿನಲ್ಲಿ ಐದು ಸಿಕ್ಕವು. ಎಲ್ಲಕ್ಕೂ ಒಂದೇ ಮರೂನ್ ರಟ್ಟು, ಚಿನ್ನದ ಅಕ್ಷರ. ವೇಣಿ ಧೂಳು ಒರೆಸಿ ಮೊದಲನೆಯದನ್ನು ಓದಿದಳು. ಶೌಚಾಲಯ ಮತ್ತು ಕುಡಿಯುವ ನೀರಿನ ಸೌಲಭ್ಯ ತೃಪ್ತಿಕರ ಎಂದವರು ನೂರಕ್ಕೆ ತೊಂಬತ್ನಾಲ್ಕು. ಎರಡನೆಯದರಲ್ಲೂ ತೊಂಬತ್ನಾಲ್ಕು. ಬೇರೆ ಫ್ಯಾಕ್ಟರಿ, ಬೇರೆ ವರ್ಷ, ಬರೆದವರು ಬೇರೆ. ಮೂರನೆಯದರಲ್ಲಿ ಆ ಪುಟವನ್ನು ತೆರೆಯುವ ಮೊದಲೇ ಅವಳಿಗೆ ಗೊತ್ತಾಗಿಹೋಗಿತ್ತು. ಐದರಲ್ಲೂ ಅದೇ ಅಂಕಿ, ಐದರಲ್ಲೂ 'ತೃಪ್ತಿ'ಯನ್ನು 'ತ್ರಪ್ತಿ' ಎಂದು ಬರೆದ ಅದೇ ತಪ್ಪು. ಕೊನೆಯದರಲ್ಲಂತೂ ಗಾರ್ಮೆಂಟ್ಸಿನ ಮಾತಿನ ನಡುವೆ ಇದ್ದಕ್ಕಿದ್ದಂತೆ 'ಈ ಸಕ್ಕರೆ ಕಾರ್ಖಾನೆಯ ಕಾರ್ಮಿಕರು' ಬಂದುಬಿಟ್ಟಿದ್ದರು. ಕದ್ದವನು ಕದ್ದದ್ದನ್ನು ಓದಿಯೂ ನೋಡಿರಲಿಲ್ಲ.

ಬಾಯಿಗಿಟ್ಟ ಅನ್ನದಲ್ಲಿ ಕೂದಲು ಸಿಕ್ಕಂತಾಯಿತು ಅವಳಿಗೆ. ಅದನ್ನು ಎಳೆದು ಬಿಸಾಡೋಣವೆಂದರೆ, ಅದರ ಇನ್ನೊಂದು ತುದಿ ತನ್ನ ಗಂಟಲಲ್ಲೇ ಇತ್ತು. ಬೇಕರಿಯಲ್ಲಿ ತುಂಬಿದ ಫಾರಂಗಳು ನೆನಪಾದವು. ಈ ಸಲ ನಗು ಬರಲಿಲ್ಲ.

ನಾಲ್ಕನೆಯ ಪ್ರಬಂಧದಲ್ಲಿದ್ದ ಫ್ಯಾಕ್ಟರಿ ಅವಳ ಚಿಕ್ಕಮ್ಮ ಚನ್ನಕ್ಕ ದುಡಿಯುವ ಫ್ಯಾಕ್ಟರಿಯಾಗಿತ್ತು. ಈಶ್ವರಮ್ಮನ ತಂಗಿಯಾದ ಚನ್ನಕ್ಕ ಎರಡು ಓಣಿ ಆಚೆ ಇದ್ದಳು. ಹನ್ನೊಂದು ವರ್ಷದಿಂದ ಶರಟಿನ ಕಾಲರ್ ಹೊಲಿಯುವುದೇ ಅವಳ ಕೆಲಸ. ಭಾನುವಾರ ವೇಣಿ ಹೋದಾಗ ಜಗಲಿಯ ಮೇಲೆ ಕೂತು ದಂಟಿನಸೊಪ್ಪು ಬಿಡಿಸುತ್ತಿದ್ದಳು.

"ಚಿಕ್ಕಮ್ಮ, ಮೂರು ವರ್ಷದ ಕೆಳಗೆ ನಮ್ಮ ಕಾಲೇಜಿನವರು ಯಾರಾದ್ರೂ ನಿಮ್ಮ ಫ್ಯಾಕ್ಟರಿಗೆ ಬಂದು ಪ್ರಶ್ನೆ ಕೇಳಿದ್ರಾ? ನೂರು ಜನ ಹೆಂಗಸರನ್ನ ಕೇಳಿದಾರಂತೆ."

"ಯಾರವ್ವ ಒಳೀಕ್ ಬುಡ್ತಾರೆ? ನಮ್ ಬುತ್ತಿ ಚೀಲಾನೇ ಬಿಚ್ಚಿಸಿ ನೋಡ್ತಾರೆ ಗೇಟ್ನಾಗೆ."

"ಅಲ್ಲಿ ಟಾಯ್ಲೆಟ್ ಹೇಗಿದೆ?"

ಚನ್ನಕ್ಕ ನಕ್ಕಳು. "ಬೆಳಿಗ್ಗೆ ಏಳ್ ಗಂಟೇಗೆ ಮನೇಲಿ ಓಗ್ಬುಟ್ ಒಂಟ್ರೆ, ಇನ್ನ ಸಾಯಂಕಾಲ ಮನೇಗ್ ಬಂದೇಯ."

"ಮಧ್ಯದಲ್ಲಿ?"

"ಮದ್ಯದಾಗೆ ನೀರೇ ಕುಡಿಯಾಕಿಲ್ಲ ಅಂದ್ಮೇಲೆ ಓಗಾದ್ಯಾಕೆ?"

ಆಮೇಲೆ ಒಂದೊಂದೇ ಹೇಳಿದಳು. ನಲವತ್ತು ಜನರ ಸಾಲಿಗೆ ಒಂದೇ ಟೋಕನ್, ಹಲಗೆಯ ತುಂಡು. ಹೋಗಬೇಕಾದವರು ಅದನ್ನು ಸೂಪರ್‌ವೈಸರ್ ಕೈಯಿಂದ ಕೇಳಿ ಪಡೆಯಬೇಕು. ಸ್ವಲ್ಪ ತಡವಾದರೆ ಆತ ಗಂಡಸರೆಲ್ಲ ಕೇಳುವಂತೆ, "ಏನು, ಅಲ್ಲೇ ಮಲಗ್ಬಿಟ್ಯಾ?" ಎಂದು ಕೂಗುತ್ತಾನೆ. ಇಡೀ ಮಹಡಿಗೆ ಮೂರು ಕಕ್ಕಸು. ಒಂದು ಕಟ್ಟಿಕೊಂಡಿದೆ, ಒಂದರ ಬಾಗಿಲಿಗೆ ಚಿಲಕವಿಲ್ಲ. ಉಳಿದ ಒಂದರ ಡ್ರಮ್ಮಿನಲ್ಲಿ ಹತ್ತು ಗಂಟೆಗೇ ನೀರು ಖಾಲಿ. ತಿಂಗಳ ಬಟ್ಟೆ ಎಸೆಯಲು ಜಾಗವಿಲ್ಲದೆ ಮೂಲೆಯಲ್ಲಿ ಬಿದ್ದಿರುತ್ತವೆ, ಅದರ ಮೇಲೆ ನೊಣ, ಕೆಳಗೆ...

ವೇಣಿ ಎದ್ದು ಹಿತ್ತಲಿನ ನಲ್ಲಿಯ ಹತ್ತಿರ ಓಡಿದಳು. ಹೊಟ್ಟೆಯಲ್ಲಿದ್ದದ್ದೆಲ್ಲ ಬಂತು. ಮುಖ ತೊಳೆದು ತಿರುಗಿದರೆ ಚನ್ನಕ್ಕ ಬಾಗಿಲಲ್ಲಿ ನಿಂತಿದ್ದಳು.

"ನಿಂಗೆ ಕೇಳಾಕೇ ಆಗಾಕಿಲ್ಲ" ಎಂದಳು. ಅವಳ ದನಿಯಲ್ಲಿ ಮುನಿಸಿರಲಿಲ್ಲ. "ಕಿಡ್ನೀಲಿ ಕಲ್ಲಾಗೈತಂತೆ ನಂಗೆ. ದಿನಕ್ ಮೂರ್ ಲೀಟ್ರು ನೀರ್ ಕುಡಿ ಅಂತಾನೆ ಡಾಕ್ಟ್ರು. ಮೂರ್ ಲೀಟ್ರು ಕುಡುದ್ರೆ ನನ್ ಕಾಲರ್ ಯಾರ್ ಒಲೀತಾರೆ, ಅವನು ಒಲೀತಾನಾ?"

ಒಂದು ವಾರದಲ್ಲಿ ವೇಣಿ ಎಂಟು ಪುಟದ ಯೋಜನೆ ಬರೆದಳು. ಅದರಲ್ಲಿ ಎಲ್ಲವೂ ಇತ್ತು: ಕಕ್ಕಸು, ಸಂಬಳ, ಕಾಯಿದೆ, ಸೂಪರ್‌ವೈಸರುಗಳ ಬೈಗುಳ, ಕೆರೆಯ ನೀರು, ಕಿಡ್ನಿಯ ಕಲ್ಲು, ಐದು ಕಳ್ಳ ಪ್ರಬಂಧಗಳು. ಶೇಖರಪ್ಪನವರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಓದತೊಡಗಿದರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅದನ್ನು ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಂಡು, ಅದೇ ಬೆರಳಿನಿಂದ ಅವಳ ಹಾಳೆಯನ್ನು ದೂರ ತಳ್ಳಿದರು.

"ಥೂ, ಏನಮ್ಮಾ ಇದು ಅಸಹ್ಯ? ಕಕ್ಕಸು, ತಿಂಗಳ ಬಟ್ಟೆ... ವೈವಾ ದಿನ ಎಕ್ಸ್‌ಟರ್ನಲ್ ಮುಂದೆ ಇದನ್ನ ಬಾಯಿಬಿಟ್ಟು ಓದ್ತೀಯಾ? ಹೆಣ್ಣುಮಗಳು, ಸ್ವಲ್ಪ ಆದ್ರೂ ಸಂಕೋಚ ಬೇಡ್ವಾ?"

"ಇದು ನಡೀತಿರೋದೇ ಸಾರ್."

"ನಡೀತಿರೋದೆಲ್ಲಾ ಬರೀಬೇಕು ಅಂತ ಎಲ್ಲಿದೆ? ಪಟ್ಟಿ ಕೊಟ್ಟಿದೀನಲ್ಲ."

ಹಾಳೆಯ ಮೇಲೆ ಒದ್ದೆ ಬೆರಳಿನ ಗುರುತು ಮೂಡಿತ್ತು. ವೇಣಿ ಅದನ್ನು ಅಂಚಿನಲ್ಲಿ ಹಿಡಿದು ಹೊರಬಂದು, ಮೆಟ್ಟಿಲ ಮೇಲೆ ಕೂತು, ಆ ಪುಟವನ್ನಷ್ಟೇ ಹರಿದು ಬೇರೆ ಹಾಳೆಯಲ್ಲಿ ಮತ್ತೆ ಬರೆಯತೊಡಗಿದಳು. ಅಲ್ಲಿ ಅವಳನ್ನು ಕಂಡವರು ಹೇಮಲತಾ ಮೇಡಂ. ಹಾವೇರಿ ಕಡೆಯವರು. ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನಿಂದ ವಾರಕ್ಕೆ ಮೂರು ದಿನ ಬಂದು ಸಂಶೋಧನಾ ವಿಧಾನದ ಪಾಠ ಮಾಡುತ್ತಿದ್ದರು. ಖಾಯಂ ನೌಕರಿಯಲ್ಲದ ಅವರಿಗೆ ಗೈಡ್ ಆಗುವ ಅಧಿಕಾರ ಇರಲಿಲ್ಲ. ಎಂಟೂ ಪುಟ ನಿಂತಲ್ಲೇ ಓದಿದರು.

"ಈ ಎಂಟ ಪುಟದಾಗ ಎಂಟ ಡಿಸರ್ಟೇಶನ್ ಅದಾವ. ನೀ ಬರಿಯೂದು ಒಂದ" ಎಂದರು. "ಯಾವುದಕ್ಕ ನಿನಗ ಇಷ್ಟು ಸಿಟ್ಟು ಬಂತು?"

"ಸಿಟ್ಟಲ್ಲ ಮೇಡಂ. ಹೇಸಿಗೆ."

"ಇರ್ಲಿ. ಆದ್ರ ಹೇಸಿಗಿ ಒಂದ ಪ್ರಶ್ನೆ ಅಲ್ಲಲ್ಲ? ನಿನಗ ಗೊತ್ತಿಲ್ಲದ್ದು, ಗೊತ್ತಾಗಬೇಕಾದ್ದು ಏನು? ಒಂದ ಸಾಲಿನಾಗ ಬರಿ. ಬರಿಯಾಕ ಬರಲಿಲ್ಲ ಅಂದ್ರ ವಿಷಯ ಇನ್ನೂ ಸಿಕ್ಕಿಲ್ಲ ಅಂತ ತಿಳಕೋ."

ಆ ಒಂದು ಸಾಲಿಗೆ ವೇಣಿಗೆ ಹದಿನೈದು ದಿನ ಹಿಡಿಯಿತು. ಸಂಬಳ ಹೋಯಿತು, ಕೆರೆ ಹೋಯಿತು, ಕಾಯಿದೆ ಒಂದು ಪುಟಕ್ಕೆ ಇಳಿಯಿತು. ಕಿಡ್ನಿಯ ಕಲ್ಲನ್ನು ಬಿಡಲು ಬಹಳ ಕಷ್ಟವಾಯಿತು. ಆದರೆ ನೀರು ಕುಡಿಯದ್ದರಿಂದಲೇ ಕಲ್ಲಾಯಿತೆಂದು ತೋರಿಸುವುದು ಡಾಕ್ಟರರ ಕೆಲಸ, ನಿನ್ನದಲ್ಲ ಎಂದು ಮೇಡಂ ಹೊಡೆದುಹಾಕಿದರು. ಕೊನೆಗೆ ಉಳಿದದ್ದು ಇಷ್ಟು: ಗಾರ್ಮೆಂಟ್ಸ್ ಹೆಂಗಸರು ಕೆಲಸದ ದಿನ ಎಷ್ಟು ನೀರು ಕುಡಿಯುತ್ತಾರೆ, ಕುಡಿಯದಿದ್ದರೆ ಯಾಕೆ?

ಆಮೇಲೆ ಇಬ್ಬರೂ ಕ್ಯಾಲೆಂಡರ್ ಹಿಡಿದು ಹಿಂದಿನಿಂದ ಎಣಿಸಿದರು. ಮಾರ್ಚಿನಲ್ಲಿ ಬೈಂಡಿಂಗ್, ಫೆಬ್ರವರಿ ಬರೆಯಲು, ಜನವರಿಯಲ್ಲಿ ಪರೀಕ್ಷೆ. ಅಂದರೆ ಹೆಂಗಸರನ್ನು ಮಾತಾಡಿಸಲು ಇದ್ದದ್ದು ನವೆಂಬರ್, ಡಿಸೆಂಬರಿನ ಎಂಟು ಭಾನುವಾರ. ನೂರು ಜನ ಆಗದ ಮಾತು, ಇಪ್ಪತ್ತು ಜನ ಸಾಕು. ಫ್ಯಾಕ್ಟರಿಯೊಳಗೆ ಬಿಡುವುದಿಲ್ಲ. ಅಪ್ಪನ ಬಸ್ಸಿನಲ್ಲಿ ಕೇಳೋಣವೆಂದರೆ ಅಪ್ಪನ ಕೆಲಸಕ್ಕೇ ಕುತ್ತು. ಚನ್ನಕ್ಕನ ಜಗಲಿಯೇ ಸರಿ ಎಂದಾಯಿತು.

ಅಕ್ಟೋಬರಿನ ಒಂದು ಭಾನುವಾರ, ಪ್ರಶ್ನೆಗಳನ್ನು ಪರೀಕ್ಷಿಸಿ ನೋಡಲೆಂದು, ಚನ್ನಕ್ಕನ ಜೊತೆ ದುಡಿಯುವ ನಾಲ್ವರನ್ನು ಕರೆದು ಕೂರಿಸಿಕೊಂಡಳು. ಕೈಯಲ್ಲಿ ಅಚ್ಚುಕಟ್ಟಾದ ಪ್ರಶ್ನಾವಳಿ ಇತ್ತು. ಕುಡಿಯುವ ನೀರಿನ ಸೌಲಭ್ಯ: ಅತ್ಯಂತ ತೃಪ್ತಿಕರ, ತೃಪ್ತಿಕರ, ಸಾಧಾರಣ, ಅತೃಪ್ತಿಕರ. ಮೊದಲನೆಯವಳಾದ ಸುಬ್ಬಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು:

"ತೃಪ್ತಿ ಅಂತ್ಲೇ ಹಾಕ್ಕೊಳ್ಳವ್ವ. ನಮ್ಗೇನ್ ತೊಂದ್ರೆ ಇಲ್ಲ."

ಎರಡನೆಯವಳೂ ತೃಪ್ತಿ. ಮೂರನೆಯವಳೂ, ನಾಲ್ಕನೆಯವಳೂ. ವೇಣಿ ಪೆನ್ನು ಕೆಳಗಿಟ್ಟಳು. ನಾಲ್ಕಕ್ಕೆ ನಾಲ್ಕು, ನೂರಕ್ಕೆ ನೂರು! ಕಳ್ಳ ಪ್ರಬಂಧಗಳವರಾದರೂ ಆರು ಪರ್ಸೆಂಟ್ ಬಿಟ್ಟುಕೊಟ್ಟಿದ್ದರು. ಇವಳು ನಿಜವಾಗಿ ಕೇಳಿ ಬರೆದರೆ ಅವರಿಗಿಂತ ಹಸಿ ಸುಳ್ಳು ಕೈಗೆ ಬಂದಿತ್ತು. ಹೆಂಗಸರು ಹೋದ ಮೇಲೆ ಅವರನ್ನು ಬೈದುಕೊಂಡಳು; ಅವಳಿಗೆ ಅವರ ಮೇಲೂ ಹೇಸಿಗೆಯಾಯಿತು, ಹಾಗಾಯಿತಲ್ಲ ಎಂದು ತನ್ನ ಮೇಲೂ ಆಯಿತು.

"ಅವ್ರನ್ಯಾಕೆ ಬೈತೀಯ?" ಎಂದಳು ಚನ್ನಕ್ಕ. "ನೀನು ಪೇಪರ್ ಇಡ್ಕೊಂಡು ಚೆನ್ನಾಗೈತಾ ಅಂತ ಕೇಳುದ್ರೆ ಚೆನ್ನಾಗೈತೆ ಅಂತಾರೆ. ಕೆಲಸ ಓದ್ರೆ ನೀನ್ ಕೊಡಿಸ್ತೀಯಾ? ತೃಪ್ತಿ ಗಿಪ್ತಿ ಬುಡು. ನಿನ್ನೆ ಎಷ್ಟ್ ಲೋಟ ನೀರ್ ಕುಡುದ್ರಿ ಅಂತ ಕೇಳು. ಅದ್ಕೆ ಯಾರೂ ಸುಳ್ ಹೇಳಾಕಿಲ್ಲ."

ವೇಣಿ ಪ್ರಶ್ನಾವಳಿಯನ್ನು ಒಲೆಗೆ ಹಾಕಿ, ಒಂದು ಹಾಳೆಯಲ್ಲಿ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಗೆರೆ ಎಳೆದಳು. ನಿನ್ನೆಯ ದಿನ, ಗಂಟೆ ಗಂಟೆಗೆ ಏನು ಕುಡಿದಿರಿ, ಎಷ್ಟು, ಎಲ್ಲಿಗೆ ಹೋದಿರಿ. ಮುಂದಿನ ವಾರ ಅದೇ ಸುಬ್ಬಲಕ್ಷ್ಮಮ್ಮ ಬೆರಳು ಮಡಿಸುತ್ತ ಹೇಳಿದಳು. ಬೆಳಿಗ್ಗೆ ಆರಕ್ಕೆ ಅರ್ಧ ಲೋಟ ಟೀ. ಹನ್ನೆರಡೂವರೆಗೆ ಊಟದ ಜೊತೆ ಎರಡು ಗುಟುಕು ನೀರು, ಅನ್ನ ಇಳಿಯಲೆಂದು. ಸಂಜೆ ಆರೂವರೆಗೆ ಮನೆಯಲ್ಲಿ ಒಂದು ಚೊಂಬು, ನಿಂತಲ್ಲೇ. ಆಮೇಲೆ ಕೇಳದೆಯೇ ಹೇಳಿದಳು: "ಬಸ್ನಾಗೆ ಬರೋವಾಗ ಹಂಪ್ ಹತ್ತಿಸಿದ್ರೆ ಪ್ರಾಣ ಓಗ್ತದೆ ಕಣವ್ವ. ನಿಮ್ಮಪ್ಪಂಗೆ ಹೇಳು, ಸ್ವಲ್ಪ ನಿಧಾನ ಓಡ್ಸು ಅಂತ."

ನವೆಂಬರ್ ಐದರೊಳಗೆ ವಿಷಯಕ್ಕೆ ಗೈಡ್ ಸಹಿ ಬೀಳಬೇಕಿತ್ತು. ಕೊನೆಯ ದಿನ ವೇಣಿ ಒಂದೂವರೆ ಪುಟದ ಯೋಜನೆ ಹಿಡಿದು ಹೋದಳು. ಶೇಖರಪ್ಪನವರು ಈ ಸಲ ಪೂರ್ತಿ ಓದಿದರು. ಶೀರ್ಷಿಕೆಯಲ್ಲಿ ಶೌಚಾಲಯದ ಮಾತಿರಲಿಲ್ಲವಾದ್ದರಿಂದ ಅವರ ಮುಖ ಸಡಿಲವಾಯಿತು. ಆದರೆ ಹಿಂದಿನ ಅಧ್ಯಯನಗಳ ಪರಿಶೀಲನೆ ಎನ್ನುವ ಜಾಗದಲ್ಲಿ ಆ ಐದು ಹೆಸರು ಕಂಡದ್ದೇ ಪೆನ್ನು ನಿಂತಿತು.

"ಇವರಲ್ಲಿ ಒಬ್ಬ ಈಗ ನಮ್ಮಲ್ಲೇ ಲೆಕ್ಚರರ್ರು, ಗೊತ್ತಾ? ಡಿಪಾರ್ಟ್‌ಮೆಂಟ್ ಮಾನ ಬೀದಿಗೆ ಹಾಕ್ತೀಯಾ?"

"ಬೇರೆಯವರ ಹೆಸರು ಬೇಡ ಅಂದ್ರೆ ನಂದೇ ಹಾಕ್ತೀನಿ ಸಾರ್" ಎಂದಳು ವೇಣಿ. "ಮೊದಲನೇ ವರ್ಷದ ಸರ್ವೇಲಿ ಇಪ್ಪತ್ತೊಂಬತ್ತು ಫಾರಂ ನಾನೇ ಕೂತು ತುಂಬಿದ್ದು. ಹೀಗೂ ಅಂಕಿ ಹುಟ್ಟುತ್ತೆ ಅಂತ ಬರೀತೀನಿ."

ಶೇಖರಪ್ಪನವರು ಬಾಗಿಲ ಕಡೆ ನೋಡಿದರು. "ಅದಕ್ಕೆ ಮಾರ್ಕ್ಸ್ ಕೊಟ್ಟಿದ್ದು..."

"ನೀವೇ ಸಾರ್. ಹದಿನೇಳು."

ಅವರು ಐದು ಹೆಸರನ್ನೂ ಕೆಂಪು ಗೀಟಿನಲ್ಲಿ ಹೊಡೆದು, "ಹಳೇದು ಯಾವುದೂ ಬೇಡ. ನಿಂದೂ ಬೇಡ, ಅವರದೂ ಬೇಡ" ಎಂದು ಸಹಿ ಹಾಕಿ ಹಾಳೆ ಎಸೆದರು. ವೇಣಿ ಬಗ್ಗಿ ಅದನ್ನು ನೆಲದಿಂದ ಎತ್ತಿಕೊಂಡಳು. ಗೆದ್ದ ಹಾಗೆ ಅನಿಸಲಿಲ್ಲ. ತಾನು ಹೇಳಿದ್ದು ತಪ್ಪೊಪ್ಪಿಗೆಯೋ ಹೆದರಿಕೆಯ ಮಾತೋ ಅವಳಿಗೇ ತಿಳಿಯಲಿಲ್ಲ. ಬಾತ್‌ರೂಮಿಗೆ ಹೋಗಿ ಸೋಪು ಹಾಕಿ ಮೂರು ಸಲ ಕೈ ತೊಳೆದಳು. ಐದು ಹೆಸರು ಬಿಟ್ಟಳು. ತನ್ನ ಇಪ್ಪತ್ತೊಂಬತ್ತು ಫಾರಂಗಳ ಸಂಗತಿಯನ್ನು ಮಾತ್ರ ಎರಡನೆಯ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆದೇಬಿಟ್ಟಳು. ಗೈಡ್ ಅದನ್ನು ತೆಗೆಸಲಿಲ್ಲ. ಅವರು ಪ್ರಬಂಧ ಓದಲೇ ಇಲ್ಲ, ಪ್ರಮಾಣಪತ್ರದ ಪುಟ ಹುಡುಕಿ ಸಹಿ ಮಾಡಿದರು ಅಷ್ಟೆ.

ಎಂಟು ಭಾನುವಾರದಲ್ಲಿ ಇಪ್ಪತ್ತು ಹೆಂಗಸರಾದರು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಒಂದು ಲೋಟ ಪೂರ್ತಿ ಕುಡಿದವರು ಅವರಲ್ಲಿ ನಾಲ್ವರು. ಹನ್ನೊಂದು ಜನ ಕೆಲಸದ ಹೊತ್ತಿನಲ್ಲಿ ಒಂದು ಸಲವೂ ಶೌಚಕ್ಕೆ ಹೋಗಿರಲಿಲ್ಲ. ಕೇಳಿಸಿಕೊಳ್ಳುವಾಗ ವೇಣಿಗೆ ಪ್ರತಿಸಲವೂ ಹಿತ್ತಲಿನ ನಲ್ಲಿಯತ್ತ ಓಡುವಂತಾಗುತ್ತಿತ್ತು. ಆದರೂ ಎದ್ದು ಹೋಗದೆ ಕೂತು ಬರೆದಳು. ಅಭ್ಯಾಸವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಏಪ್ರಿಲ್‌ನಲ್ಲಿ ವೈವಾ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು ಇಪ್ಪತ್ತೇ ಜನ ಯಾಕೆ ಎಂದು ಕೇಳಿ, ಪುಟ ಮಗುಚುತ್ತ ಗಂಟೆಗೆರೆಯ ಹಾಳೆಯ ಹತ್ತಿರ ನಿಂತರು.

"ಇದು ನಿಜವೇನಮ್ಮ?"

"ನಿಜ ಸಾರ್."

"ಛೆ" ಎಂದು ಮೂಗು ಸೊಟ್ಟ ಮಾಡಿ ಮುಚ್ಚಿಟ್ಟರು. ಊಟದ ಹೊತ್ತಾಗಿತ್ತು. ಕೊಟ್ಟದ್ದು ಐವತ್ತೆಂಟು. ಶೇಖರಪ್ಪನವರ ಪಟ್ಟಿಯಿಂದ ವಿಷಯ ಎತ್ತಿಕೊಂಡು, ಉದ್ಯೋಗ ತೃಪ್ತಿಯ ಮೇಲೆ ನೂರಿಪ್ಪತ್ತು ಪುಟ ಒಟ್ಟಿದ್ದವರಿಗೆಲ್ಲ ಎಪ್ಪತ್ತರ ಮೇಲೆ ಬಂದಿತ್ತು. ಮರೂನ್ ರಟ್ಟಿನ ಕಪಾಟಿನಲ್ಲಿ ಅವಳದೂ ಅವುಗಳ ಜೊತೆ ಸೇರಿತು.

ಚನ್ನಕ್ಕ ಹಟ ಹಿಡಿದದ್ದಕ್ಕೆ ಒಂದು ಭಾನುವಾರ ಜಗಲಿಯ ಮೇಲೆ ಅದನ್ನು ಓದಿ ಹೇಳಿದಳು. ಏಳೆಂಟು ಜನ ಬಂದಿದ್ದರು. ಹೆಸರು ಬದಲಾಯಿಸಿದ್ದರೂ ಯಾರ ಮಾತು ಯಾರದ್ದೆಂದು ಗುರುತು ಹಿಡಿದು ತಿವಿದಾಡಿಕೊಂಡು ನಕ್ಕರು. ಓದಿ ಮುಗಿದ ಮೇಲೆ ಸುಬ್ಬಲಕ್ಷ್ಮಮ್ಮ ಕೇಳಿದಳು, "ಇದ್ನ ಯಾರಿಗ್ ಕೊಡ್ತಾರವ್ವ? ಮುಂದಕ್ಕೇನಾಯ್ತದೆ?"

"ಯಾರಿಗೂ ಕೊಡಲ್ಲ ಅಕ್ಕ. ಲೈಬ್ರರೀಲಿ ಇಡ್ತಾರೆ."

"ಅಯ್ಯೋ ಅಷ್ಟೇಯಾ? ಮತ್ ಎಂಟ್ ವಾರ ನಮ್ ಕೈಲಿ ಬೆರಳ್ ಮಡಿಸಿಸಿದ್ದು?" ಎಂದು ಅವಳು ಎದ್ದು, ಒಣಗಿದ ಬಟ್ಟೆ ತೆಗೆಯಲು ಹೋದಳು. ಐವತ್ತೆಂಟು ಅಂಕಕ್ಕೆ ಆಗದಿದ್ದ ಅವಮಾನ ಆವತ್ತು ವೇಣಿಗೆ ಆಯಿತು.

ಅದೇ ವರ್ಷ ಚನ್ನಕ್ಕನಿಗೆ ಕಿಡ್ನಿಯ ಆಪರೇಷನ್ ಆಗಿ ಅವಳು ಗಾರ್ಮೆಂಟ್ಸ್ ಬಿಟ್ಟಳು. ವೇಣಿಗೆ ಒಂದು ದೊಡ್ಡ ಕಂಪನಿಯ ಎಚ್.ಆರ್. ವಿಭಾಗದಿಂದ ಕರೆ ಬಂದಿತ್ತು. ಅವಳು ಹೋದದ್ದು ಪೀಣ್ಯದ ಹೆಂಗಸರ ಕಾರ್ಮಿಕ ಸಂಘಕ್ಕೆ, ಮೂರು ಬಸ್ಸು ಬದಲಾಯಿಸಿ. ಗೇಟುಗಳ ಮುಂದೆ ನಿಂತು, ಲೇಬರ್ ಆಫೀಸಿನ ಬೆಂಚುಗಳ ಮೇಲೆ ಕಾದು, ಗಂಟೆಗೆರೆಯ ಆ ಹಾಳೆಯನ್ನೇ ನೂರಾರು ಮಾಡಿ ತುಂಬಿಸಿಕೊಂಡಳು. ಎರಡು ವರ್ಷ ಓಡಾಡಿದ ಮೇಲೆ ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕಕ್ಕಸಿನ ಟೋಕನ್ ತೆಗೆಸಿದರು. ಆ ದಿನ ಮೊದಲ ಬಾರಿಗೆ ಒಳಗೆ ಬಿಟ್ಟಾಗ ವೇಣಿ ಹೆಂಗಸರ ಕಕ್ಕಸಿಗೆ ಹೋಗಿ ನೋಡಿದಳು. ಗೋಡೆಗೆ ಹೊಸ ಸುಣ್ಣ ಬಳಿದಿತ್ತು, ನೆಲದ ಮೇಲೆ ಫಿನಾಯಿಲ್ ಸುರಿದಿತ್ತು, ನಲ್ಲಿ ತಿರುಗಿಸಿದರೆ ನೀರಿರಲಿಲ್ಲ. ಅವಳು ಮೂಗಿಗೆ ಸೆರಗು ಹಿಡಿದು ಹೊರಬಂದು, ಮ್ಯಾನೇಜರ್ ತಂದಿಟ್ಟ ಕಾಫಿಯನ್ನು ಮುಟ್ಟದೆ, ಲೇಬರ್ ಆಫೀಸಿಗೆ ಕೊಡುವ ಮುಂದಿನ ಅರ್ಜಿಯ ಮೊದಲ ಸಾಲು ಬರೆಯತೊಡಗಿದಳು.